ಮೆಂಟರ್ ಆದವರ ಕೈಯಲ್ಲಿರಬೇಕಾದ ವಿಳಾಸಗಳು

ಪದವಿ ಕಾಲೇಜುಗಳಲ್ಲಿ ಈಗ ಹೆಚ್ಚುಕಡಿಮೆ ಪ್ರತಿ ಅಧ್ಯಾಪಕರೂ ಮೆಂಟರ್. 25 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಸಲಹೆಗಾರ ಇರಲಿ ಎಂದು ಯುಜಿಸಿ 2015ರಲ್ಲೇ ಹೇಳಿತ್ತು. ನ್ಯಾಕ್ ಮೌಲ್ಯಮಾಪನದಲ್ಲಿ ಮೆಂಟರ್–ವಿದ್ಯಾರ್ಥಿ ಅನುಪಾತವನ್ನೂ ಕೇಳತೊಡಗಿದ ಮೇಲೆ ಮಕ್ಕಳ ಪಟ್ಟಿ, ಮೆಂಟರ್ ಡೈರಿ, ತಿಂಗಳಿಗೊಂದು ಸಹಿ ಎಲ್ಲ ಕಡೆ ಬಂದಿವೆ. ಡೈರಿ ತೆರೆದು ನೋಡಿದರೆ ‘ಓದಿನ ಕಡೆ ಗಮನ ಕೊಡಲು ತಿಳಿಸಲಾಯಿತು’, ‘ಹಾಜರಾತಿ ಸುಧಾರಿಸಿಕೊಳ್ಳಲು ಸೂಚಿಸಲಾಯಿತು’ ಎಂಬಂಥ ಸಾಲುಗಳೇ ಪುಟ ತುಂಬಿರುತ್ತವೆ. ಮೂರನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಅದೇ ಪುಟದ ಹುಡುಗ ಗಾರ್ಮೆಂಟ್ಸ್‌ನಲ್ಲೋ ಡೆಲಿವರಿ ಕೆಲಸದಲ್ಲೋ ಇರುತ್ತಾನೆ.

ಬುದ್ಧಿಮಾತು ಕೇಳಿ ಕಾಲೇಜಿನಲ್ಲಿ ಉಳಿದವರು ಅಪರೂಪ. ಯಾರೋ ಒಬ್ಬ ಮೇಷ್ಟ್ರು ಸರಿಯಾದ ಹೊತ್ತಿಗೆ ಸರಿಯಾದ ಮೇಜಿನ ಮುಂದೆ ಕರೆದೊಯ್ದು ನಿಲ್ಲಿಸಿದ್ದರಿಂದ ಡಿಗ್ರಿ ಮುಗಿಸಿದವರು ಬಹಳ ಮಂದಿ. ಯೋಜನೆಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಹದಿನೆಂಟು ವರ್ಷದ ವಿದ್ಯಾರ್ಥಿಗೆ, ಅದರಲ್ಲೂ ಮನೆಯಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ, ಯಾವ ಕಾಗದವನ್ನು ಎಲ್ಲಿಗೆ ಯಾವಾಗ ಒಯ್ಯಬೇಕೆಂಬುದು ತಿಳಿದಿರುವುದಿಲ್ಲ. ಮೆಂಟರ್‌ಗೆ ಅದು ಗೊತ್ತಿರಬೇಕು. ಎಲ್ಲವೂ ಬಾಯಿಪಾಠ ಬೇಕಿಲ್ಲ. ಯಾರನ್ನು ಕೇಳಬೇಕು ಎಂಬಷ್ಟಾದರೂ ಗೊತ್ತಿರಬೇಕು.

ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು

ಪಿಯುಸಿಯಲ್ಲಿ ಎಷ್ಟು ಅಂಕ ಎಂದು ಕೇಳುವ ಮೊದಲು ಎಲ್ಲಿಂದ ಬರುತ್ತೀಯ, ಬಸ್ ಎಷ್ಟು ಹೊತ್ತಿಗೆ ಎಂದು ಕೇಳಬೇಕು. ಮೊದಲ ಪೀರಿಯಡ್ ಒಂಬತ್ತೂವರೆಗೆ, ಊರಿನ ಬಸ್ ಬಸ್‌ಸ್ಟ್ಯಾಂಡ್ ಸೇರುವುದು ಹತ್ತೂಕಾಲಿಗೆ ಎಂದರೆ ಆ ವಿದ್ಯಾರ್ಥಿಗೆ ಒಂದೇ ವಿಷಯದಲ್ಲಿ ಹಾಜರಾತಿ ಕೊರತೆ ಬರುತ್ತದೆ, ಸೆಮಿಸ್ಟರ್ ಕೊನೆಗೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನೋಟಿಸೂ ಬರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸಾಮಾನ್ಯ ಬಸ್ ಪ್ರಯಾಣ ಉಚಿತವಾಗಿದೆ. ಹುಡುಗರಿಗೆ ಸೇವಾ ಸಿಂಧು ಮೂಲಕ ರಿಯಾಯಿತಿ ಪಾಸ್ ಇದೆ. ಆದರೆ ಬಸ್ ಹೊತ್ತಿಗೆ ಸರಿಯಾಗಿ ಬರಬೇಕಲ್ಲ. ಒಂದೇ ಮಾರ್ಗದಿಂದ ಬರುವ ಹತ್ತು ಹನ್ನೆರಡು ಮಕ್ಕಳ ಹೆಸರು, ಊರು, ತರಗತಿಯ ಸಮಯ ಹಾಕಿ ಪ್ರಿನ್ಸಿಪಾಲರ ಸಹಿಯೊಂದಿಗೆ ಡಿಪೊ ವ್ಯವಸ್ಥಾಪಕರಿಗೆ ಪತ್ರ ಕೊಟ್ಟರೆ ಕೆಲಸವಾಗುವ ಸಾಧ್ಯತೆ ಹೆಚ್ಚು. ಆ ಪತ್ರ ಬರೆಯುವುದೂ ಮೆಂಟರ್ ಕೆಲಸವೇ.

ಫೀಸ್ ಯಾರು ಕಟ್ಟುತ್ತಾರೆ, ಹಾಸ್ಟೆಲ್ ಸಿಕ್ಕಿತೆ, ಸಂಜೆ ಕೆಲಸಕ್ಕೆ ಹೋಗುತ್ತೀಯಾ, ಮನೆಯಲ್ಲಿ ನಿನಗಿಂತ ಮೊದಲು ಡಿಗ್ರಿ ಓದಿದವರು ಇದ್ದಾರಾ ಎಂಬುದನ್ನೂ ಬಿಡಿಬಿಡಿಯಾಗಿ ಕೇಳಿಕೊಳ್ಳಬೇಕು. ಇವನ್ನು ಇಡೀ ತರಗತಿಯ ಎದುರು ಕೇಳಬಾರದು, ಗೂಗಲ್ ಫಾರ್ಮ್ ತುಂಬಿಸಿ ಕೈತೊಳೆದುಕೊಳ್ಳಲೂ ಬಾರದು. ಫೀಸ್ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಎದುರಾಬದುರು ಕೂತಾಗಲೇ ಬರುವುದು.

ವಿದ್ಯಾರ್ಥಿವೇತನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಕರ್ನಾಟಕದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳ ಹೆಬ್ಬಾಗಿಲು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ನೆರವಿಗೆಲ್ಲ ಅಲ್ಲೇ ಅರ್ಜಿ. ಕೇಂದ್ರದ ಯೋಜನೆಗಳಿಗೆ ಎನ್‌ಎಸ್‌ಪಿ. ‘ಅಪ್ಲೈ ಮಾಡಿದ್ಯಾ?’ ಎಂದು ಕೇಳಿದರೆ ಮಕ್ಕಳೆಲ್ಲ ‘ಹೂಂ ಸಾರ್’ ಎನ್ನುತ್ತಾರೆ. ಸೈಬರ್ ಸೆಂಟರ್‌ನವರು ಅರ್ಧ ತುಂಬಿ ಉಳಿಸಿದ್ದೂ ಅವರ ಲೆಕ್ಕದಲ್ಲಿ ಅಪ್ಲೈ ಮಾಡಿದಂತೆಯೇ. ಆದ್ದರಿಂದ ಸಲ್ಲಿಕೆಯಾದ ಅರ್ಜಿಯ ಪ್ರತಿಯನ್ನೇ ನೋಡಬೇಕು.

ಅರ್ಜಿಗಳು ನಿಲ್ಲುವುದು ಪ್ರತಿ ವರ್ಷವೂ ಅವೇ ಜಾಗಗಳಲ್ಲಿ. ಮೊದಲನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಂ’ ಎಂದಿದ್ದರೆ ಆಧಾರ್‌ನಲ್ಲಿ ‘ಮಂಜುನಾಥ್ ಮಲ್ಲಪ್ಪ’ ಎಂದಿರುತ್ತದೆ. ಆಧಾರ್ ತಿದ್ದುಪಡಿಗೆ ದಿನಗಳು ಹಿಡಿಯುವುದರಿಂದ ಈ ತಾಳೆಯನ್ನು ಪ್ರವೇಶದ ವಾರದಲ್ಲೇ ನೋಡಬೇಕು. ಕೊನೆಯ ದಿನಾಂಕದ ಹಿಂದಿನ ದಿನ ನೋಡಿದರೆ ಆ ವರ್ಷದ ಹಣ ಹೋದಂತೆಯೇ. ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಪೋರ್ಟಲ್‌ಗೆ ಬೇಕಾದದ್ದು ಅದರ ಆರ್‌ಡಿ ಸಂಖ್ಯೆ. ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಅಥವಾ ಊರಿನ ಗ್ರಾಮ ಒನ್ ಕೇಂದ್ರದಲ್ಲಿ ಹೊಸದಕ್ಕೆ ಅರ್ಜಿ ಹಾಕಬೇಕು. ಆದಾಯ ಮಿತಿ ವರ್ಗದಿಂದ ವರ್ಗಕ್ಕೆ ಬೇರೆ. ಪರಿಶಿಷ್ಟ ಜಾತಿಯವರ ಕೇಂದ್ರ ಪುರಸ್ಕೃತ ಯೋಜನೆಗೆ ವರ್ಷಕ್ಕೆ 2.5 ಲಕ್ಷ ರೂಪಾಯಿ. ಮೂರನೆಯದು ಕಾಲೇಜಿನೊಳಗೇ ಇದೆ. ದಾಖಲೆಗಳ ಇ–ದೃಢೀಕರಣ, ಕಾಲೇಜು ಹಂತದ ಪರಿಶೀಲನೆ ಎರಡನ್ನೂ ಮುಗಿಸಬೇಕಾದವರು ನಿಮ್ಮ ಸಹೋದ್ಯೋಗಿಯೇ. ವಿದ್ಯಾರ್ಥಿ ಮೂರು ಸಲ ಹೋದರೂ ‘ನಾಳೆ ಬಾ’ ಎನ್ನುವ ಕಡೆ ಮೆಂಟರ್ ಒಮ್ಮೆ ಜೊತೆಯಲ್ಲಿ ಹೋದರೆ ಅದೇ ದಿನ ಆಗುತ್ತದೆ. ಇದು ನ್ಯಾಯವಲ್ಲ, ಆದರೆ ಹಾಗೆಯೇ ನಡೆಯುತ್ತದೆ. ಆದ್ದರಿಂದ ಹೋಗಬೇಕು.

ನಾಲ್ಕನೆಯದು ಬ್ಯಾಂಕ್ ಖಾತೆ. ಎಲ್ಲ ಸರಿಯಾಗಿ, ಹಣ ಮಂಜೂರಾಗಿಯೂ ಕೈಗೆ ಬಾರದಿದ್ದರೆ ಬಹುಪಾಲು ಕಾರಣ ಇದೇ. ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗಲ್ಲ. ಎನ್‌ಪಿಸಿಐ ದಾಖಲೆಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಎಂಟನೇ ತರಗತಿಯಲ್ಲಿ ಅಮ್ಮನ ಜೊತೆ ಜಂಟಿಯಾಗಿ ತೆರೆದ ಖಾತೆ ವರ್ಷಗಟ್ಟಲೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿರಬಹುದು. ಹದಿನೆಂಟು ತುಂಬಿದ ಮೇಲೆ ಮತ್ತೆ ಕೆವೈಸಿ ಕೊಡದೇ ಉಳಿದಿರಬಹುದು. ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳುವಾಗ ಬೆರಳಚ್ಚು ಕೊಟ್ಟು ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೇ ಆಧಾರ್ ಅಂಟಿಕೊಂಡಿದ್ದು, ಅಂಥದ್ದೊಂದು ಖಾತೆ ಇದೆ ಎಂಬುದೇ ಹುಡುಗನಿಗೆ ಗೊತ್ತಿಲ್ಲದಿರಬಹುದು. ರಾಜ್ಯ ಸರ್ಕಾರದ ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಹಾಕಿ ನೋಡಿದರೆ ಯಾವ ಇಲಾಖೆಯಿಂದ ಎಷ್ಟು ಹಣ ಯಾವ ಬ್ಯಾಂಕಿಗೆ ಹೋಗಿದೆ ಎಂಬುದು ಕಾಣುತ್ತದೆ. ಮೆಂಟರ್ ಭೇಟಿಯ ಒಂದು ಗಂಟೆಯನ್ನು ಎಲ್ಲರ ಮೊಬೈಲಿನಲ್ಲೂ ಇದನ್ನೇ ತೆಗೆಸಿ ನೋಡಲು ಮೀಸಲಿಡಿ. ಓಟಿಪಿಯನ್ನು ಮಾತ್ರ ಅವರೇ ಹಾಕಲಿ. ನೀವು ಕೇಳಬೇಡಿ, ಬೇರೆಯವರಿಗೆ ಹೇಳಲೂ ಬಿಡಬೇಡಿ.

ಎಸ್‌ಎಸ್‌ಪಿಯ ಆಚೆಗೂ ನೆರವುಗಳಿವೆ, ಅವು ತಪ್ಪಿಹೋಗುವುದೇ ಹೆಚ್ಚು. ತಂದೆ ಅಥವಾ ತಾಯಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾಗಿದ್ದರೆ ಮಕ್ಕಳಿಗೆ ‘ಕಲಿಕೆ ಭಾಗ್ಯ’ ಇದೆ. ಕಾರ್ಖಾನೆ ಕಾರ್ಮಿಕರ ಮಕ್ಕಳಿಗೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಪ್ರೋತ್ಸಾಹಧನ ಬೇರೆಯೇ ಇದೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯ ನೆರವು ನಿಂತಿರುವುದು ಹೆತ್ತವರ ಫ್ರೂಟ್ಸ್ ಗುರುತಿನ ಸಂಖ್ಯೆಯ ಮೇಲೆ. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ ಹೊಲ ಉಳುವ ಅಪ್ಪನ ಹೆಸರಲ್ಲಿ ಆ ಸಂಖ್ಯೆಯೇ ಇರುವುದಿಲ್ಲ. ಪೌತಿ ಖಾತೆ ಮಾಡಿಸಿಕೊಳ್ಳಿ ಎಂದು ಆ ಮನೆಗೆ ಹೇಳಿದವರು ವಿದ್ಯಾರ್ಥಿವೇತನದ ಜೊತೆಗೆ ಬೆಳೆ ವಿಮೆ, ಬೆಳೆ ಪರಿಹಾರಕ್ಕೂ ದಾರಿ ಮಾಡಿಕೊಟ್ಟಂತೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳ ಊಟ, ವಸತಿಗೆ 2013-14ರಲ್ಲಿ ತಂದದ್ದು ವಿದ್ಯಾಸಿರಿ. ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಸಿಗುತ್ತಿತ್ತು.

ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ 20ರ ಸಾಲಿನಲ್ಲಿದ್ದು, ಮನೆಯ ಆದಾಯ 4.5 ಲಕ್ಷ ಮೀರದವರು ಎನ್‌ಎಸ್‌ಪಿಯಲ್ಲಿ ಕೇಂದ್ರೀಯ ವಲಯದ ವಿದ್ಯಾರ್ಥಿವೇತನಕ್ಕೆ ಹಾಕಬಹುದು: ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000. ತಾಂತ್ರಿಕ ಶಿಕ್ಷಣದ ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ, ಅಂಗವಿಕಲರಿಗೆ ಸಕ್ಷಮ್, ಅನಾಥರಿಗೆ ಸ್ವನಾಥ್ ಇವೆ. ಮೂರರಲ್ಲೂ ವರ್ಷಕ್ಕೆ 50,000. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ–ಕಾಲೇಜಿನಲ್ಲಿ ಓದಿ ಪದವಿಯ ಮೊದಲ ವರ್ಷ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ಕೊಡುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ. ತರಗತಿಯಲ್ಲಿ ಇದಕ್ಕೆ ಅರ್ಹರಾದ ಎಷ್ಟು ಹುಡುಗಿಯರಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ. ಮೊದಲ ವರ್ಷದಲ್ಲಿ ಕೈತಪ್ಪಿದರೆ ಮುಂದೆ ಸಿಗುವುದಿಲ್ಲ.

ಸಾಲದ ಮಾತು ಬೇರೆ. ವೃತ್ತಿಪರ ಕೋರ್ಸಿನವರಿಗೆ ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಲ್ಲಿ ಶೇ 2ರ ದರದಲ್ಲಿ ಸಾಲ ಸಿಗುತ್ತದೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಹೋಗುವವರು ಮೊದಲು ಇವನ್ನು ನೋಡಲಿ. ಬ್ಯಾಂಕಿಗೇ ಹೋಗುವುದಾದರೆ ಆನ್‌ಲೈನ್ ಪೋರ್ಟಲ್ ಮೂಲಕವೇ ಅರ್ಜಿ ಹಾಕಲಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ‘ಆಗಲ್ಲ’ ಎಂದು ಕಳಿಸಿಬಿಡುವುದು ಆಗ ಕಷ್ಟವಾಗುತ್ತದೆ.

ಮನಸ್ಸು ಕುಸಿದಾಗ

ಇಲ್ಲಿ ಮೆಂಟರ್‌ಗೆ ತನ್ನ ಮಿತಿ ಗೊತ್ತಿರಬೇಕು. ನಾವು ಮನೋವೈದ್ಯರಲ್ಲ. ಆದರೆ ಮೊದಲು ಗಮನಿಸುವವರು ಬಹಳ ಸಲ ನಾವೇ. ಯಾವಾಗಲೂ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವಳು ಹಿಂದೆ ಹೋಗಿ ಒಬ್ಬಳೇ ಕೂರುವುದು, ಐಎ ಪರೀಕ್ಷೆಗೆ ಬಂದು ಬರೀ ಹೆಸರು ಬರೆದು ಎದ್ದುಹೋಗುವುದು, ವಾಟ್ಸ್‌ಆ್ಯಪ್ ಗುಂಪು ಬಿಟ್ಟುಹೋಗುವುದು, ನಿದ್ದೆಯಿಲ್ಲದ ಕಣ್ಣು, ‘ನಾನಿದ್ದೇನು ಪ್ರಯೋಜನ ಮೇಡಂ’ ಎಂಬ ಮಾತು. ಇವುಗಳನ್ನು ಕಂಡರೆ ಪಕ್ಕಕ್ಕೆ ಕರೆದು ಕೇಳಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬಹುದು. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಅನೇಕರಿಗಿದೆ. ಮನೋವೈದ್ಯರು ಅದನ್ನು ಒಪ್ಪುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ.

ಹೌದು ಎಂದರೆ ಒಬ್ಬರನ್ನೇ ಬಿಟ್ಟು ಕ್ಲಾಸಿಗೆ ಹೋಗಬೇಡಿ. 14416ಕ್ಕೆ ಅಲ್ಲೇ ಕೂತು ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಕೊಟ್ಟು ಕಳಿಸಿದರೆ ಆ ಸ್ಥಿತಿಯಲ್ಲಿ ಕರೆ ಮಾಡುವವರು ಕಡಿಮೆ. ಮೊದಲ ಎರಡು ನಿಮಿಷ ನೀವೇ ಮಾತಾಡಿ, ಆಮೇಲೆ ಫೋನ್ ಕೊಡಿ. ಆನಂತರದ ಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕ್ಲಿನಿಕ್‌ಗಳನ್ನು ರಾಜ್ಯ ಸರ್ಕಾರ ಶುರುಮಾಡಿತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಗೆ ಫೋನ್ ಮಾಡಿ ಮೊದಲೇ ತಿಳಿದಿಟ್ಟುಕೊಳ್ಳಿ. ಆಸ್ಪತ್ರೆ ಎಂದರೆ ಹಿಂಜರಿಯುವವರಿಗೆ ‘ಯುವ ಸ್ಪಂದನ’ ಹೊಂದುತ್ತದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಕೇಂದ್ರ ಇದು, ಜಿಲ್ಲಾ ಕ್ರೀಡಾಂಗಣದ ಆವರಣದಲ್ಲಿ ಇರುತ್ತದೆ. ಓದು, ಪ್ರೀತಿ, ಮನೆಯ ಜಗಳ, ಕೆಲಸದ ಚಿಂತೆ ಏನನ್ನಾದರೂ ಹೇಳಿಕೊಳ್ಳಬಹುದು. ಕ್ರೀಡಾಂಗಣಕ್ಕೆ ಹೋದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ ಎಂಬುದೂ ಒಂದು ಅನುಕೂಲ.

ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬೇಡಿ. ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೋ ವೈದ್ಯರಿಗೋ ಹೇಳಲೇಬೇಕಾಗುತ್ತದೆ, ಅದನ್ನು ವಿದ್ಯಾರ್ಥಿಗೆ ಮೊದಲೇ ತಿಳಿಸಿ. ಉಳಿದ ಯಾರಿಗೂ, ವಿಶೇಷವಾಗಿ ಸ್ಟಾಫ್ ರೂಮಿನಲ್ಲಿ, ಆ ಮಾತು ಹೋಗಕೂಡದು. ಮೆಂಟರ್ ಡೈರಿಯಲ್ಲೂ ವಿವರ ಬರೆಯಬೇಡಿ. ಅದನ್ನು ನ್ಯಾಕ್ ತಂಡದಿಂದ ಹಿಡಿದು ಗುಮಾಸ್ತರವರೆಗೆ ಹಲವರು ತೆರೆಯುತ್ತಾರೆ. ಫಲಿತಾಂಶ ಬರುವ ದಿನ ನಿಮ್ಮ ಪಟ್ಟಿಯಲ್ಲಿ ಆತಂಕದಲ್ಲಿರುವವರಿಗೆ ನೀವೇ ಕರೆ ಮಾಡಿ. ಉತ್ತರಪತ್ರಿಕೆಯ ನಕಲು ಪ್ರತಿ, ಮರುಮೌಲ್ಯಮಾಪನಕ್ಕೆ ದಾರಿಯಿದೆ, ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಬರೆಯಬಹುದು ಎಂಬಷ್ಟೇ ಮಾತು ಆ ಸಂಜೆಗೆ ಬೇಕಾಗಿರುತ್ತದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಯ ಪ್ರಕಾರ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಆಪ್ತಸಮಾಲೋಚಕರೊಬ್ಬರು ಇರಬೇಕು. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಈ ತೀರ್ಪನ್ನು ಮುಂದಿಟ್ಟು ಪ್ರಿನ್ಸಿಪಾಲರಿಗೆ ಲಿಖಿತವಾಗಿ ಕೇಳಿ. ಹೆಚ್ಚುವರಿ ಹೊಣೆ ಎಂದು ಮನಃಶಾಸ್ತ್ರ ಓದದ ಅಧ್ಯಾಪಕರ ಹೆಸರನ್ನು ಬೋರ್ಡಿನಲ್ಲಿ ಬರೆಸುವುದು ಆ ಕೆಲಸವಾಗುವುದಿಲ್ಲ.

ಅನ್ಯಾಯವಾದಾಗ ಯಾರ ಬಳಿ

ರ‍್ಯಾಗಿಂಗ್‌ಗೆ 1800-180-5522, ದಿನದ ಯಾವ ಹೊತ್ತಿನಲ್ಲಾದರೂ. ಹಿಮಾಚಲ ಪ್ರದೇಶದಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರ‍್ಯಾಗಿಂಗ್‌ಗೆ ಬಲಿಯಾದ ನಂತರ 2009ರಲ್ಲಿ ಯುಜಿಸಿ ಕಟ್ಟುನಿಟ್ಟಿನ ನಿಯಮ ತಂದಿತು.

ಲೈಂಗಿಕ ಕಿರುಕುಳದ ದೂರನ್ನು ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಯುಜಿಸಿಯ 2015ರ ನಿಯಮಾವಳಿಯ ಪ್ರಕಾರ ಹುಡುಗರೂ ದೂರು ಕೊಡಬಹುದು. ‘ನೀವಿಬ್ಬರೇ ಮಾತಾಡಿ ಸರಿಮಾಡಿಕೊಳ್ಳಿ’ ಎನ್ನುವುದು ಮೆಂಟರ್ ಮಾಡಬಾರದ ಕೆಲಸ, ತಾನೇ ವಿಚಾರಣೆಗೆ ಇಳಿಯುವುದೂ ಕೂಡ. ಅಧ್ಯಾಪಕರು ಮರೆಯುವ ಇನ್ನೊಂದು ಸಂಗತಿ: ಪದವಿಯ ಮೊದಲ ವರ್ಷದಲ್ಲಿ ಹದಿನೇಳರ ಮಕ್ಕಳೂ ಇರುತ್ತಾರೆ. ಹದಿನೆಂಟು ತುಂಬದವರ ಮೇಲೆ ನಡೆದ ಲೈಂಗಿಕ ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದಿದ್ದರೆ ಪೋಕ್ಸೊ ಕಾಯ್ದೆಯಡಿ ಅದೇ ಅಪರಾಧ. 1098 ಮಕ್ಕಳ ಸಹಾಯವಾಣಿ, 181 ಮಹಿಳಾ ಸಹಾಯವಾಣಿ.

ಫೀಸ್ ವಾಪಸಾತಿಯ ಜಗಳ ಪ್ರತಿ ವರ್ಷದ್ದು. ಬೇರೆ ಕಡೆ ಸೀಟು ಸಿಕ್ಕಿ ಬಿಟ್ಟು ಹೋಗುವ ವಿದ್ಯಾರ್ಥಿಯ ಮೂಲ ಅಂಕಪಟ್ಟಿಯನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಕಾಲೇಜಿಗಿಲ್ಲ. ಯುಜಿಸಿಯ 2018ರ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಇರುವಾಗಲೇ ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ, 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗಾದರೆ ಶೇ 80, 16ರಿಂದ 30 ದಿನದೊಳಗಾದರೆ ಶೇ 50 ಹಿಂದಿರುಗಿಸಬೇಕು. ಕೊಡದಿದ್ದರೆ 2023ರ ನಿಯಮಗಳ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ, ಅಲ್ಲೂ ಆಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್.

ಕಣ್ಣಿಗೆ ಬೀಳದವರು

ಮಾತಿನಲ್ಲಿ ಚುರುಕು, ಬರೆಯಲು ಕೂತರೆ ಅಕ್ಷರ ಅದಲುಬದಲು, ಮೂರು ಗಂಟೆಯಲ್ಲಿ ಅರ್ಧ ಪತ್ರಿಕೆ. ಇಂಥವರನ್ನು ಸೋಮಾರಿ ಎಂದು ಬಿಡುವ ಮೊದಲು ಕಲಿಕಾ ನ್ಯೂನತೆಯ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಇದೂ ಒಂದು. ಪರೀಕ್ಷೆಯಲ್ಲಿ ಬರಹಗಾರರ ನೆರವು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಪಡೆಯಲು ಅವಕಾಶವಿದೆ. ಶೇ 40ರ ಅಂಗವೈಕಲ್ಯದ ಮಾನದಂಡ ಮುಟ್ಟದವರಿಗೂ ಅಗತ್ಯವಿದ್ದರೆ ಬರಹಗಾರರನ್ನು ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಅರ್ಜಿ ಹೋಗಬೇಕಾದದ್ದು ಪರೀಕ್ಷೆಯ ಬೆಳಿಗ್ಗೆ ಅಲ್ಲ, ಪರೀಕ್ಷಾ ಶುಲ್ಕ ಕಟ್ಟುವಾಗಲೇ.

ನಾಲ್ಕನೇ ಸೆಮಿಸ್ಟರ್‌ನಲ್ಲಿ ಮದುವೆಯಾಗಿ ಹೋಗುವ ಹುಡುಗಿಯರ ಬಗ್ಗೆ ಕಾಲೇಜುಗಳು ‘ಏನು ಮಾಡೋಕಾಗುತ್ತೆ’ ಎಂದು ಸುಮ್ಮನಾಗುತ್ತವೆ. ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿ ವಿನಾಯಿತಿಗೆ ನಿಯಮ ರೂಪಿಸಿ ಎಂದು ಯುಜಿಸಿ 2021ರ ಡಿಸೆಂಬರ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ನಿಮ್ಮ ವಿಶ್ವವಿದ್ಯಾಲಯ ಏನು ಮಾಡಿದೆ ಎಂದು ಕುಲಸಚಿವರ ಕಚೇರಿಗೆ ಬರೆದು ಕೇಳಿ. ಗಂಡನ ಊರಿನಿಂದ ಬರಲಾಗದಿದ್ದರೆ ಬಾಕಿ ಪತ್ರಿಕೆಗಳನ್ನು ಪರೀಕ್ಷೆಗಷ್ಟೇ ಬಂದು ಬರೆಯಬಹುದೇ ನೋಡಿ, ಇಲ್ಲವಾದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಟಿಸಿ ಕೊಟ್ಟು ಕಳಿಸುವ ಮೊದಲು ಆ ಹುಡುಗಿಯ ಜೊತೆ, ಸಾಧ್ಯವಾದರೆ ಅವಳ ಅಮ್ಮನ ಜೊತೆ, ಅರ್ಧ ಗಂಟೆ ಕೂತು ಮಾತಾಡಿ.

ಬ್ಯಾಕ್‌ಲಾಗ್ ಇಟ್ಟುಕೊಂಡವರ ಗೊಂದಲ ಈಗ ಹೆಚ್ಚಾಗಿದೆ. 2021ರಿಂದ ಸೇರಿದವರದು ಎನ್‌ಇಪಿ ಪಠ್ಯ, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಹಳೆಯ ಸ್ಕೀಮಿನ ಪತ್ರಿಕೆಗೆ ಪರೀಕ್ಷೆ ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ರೀತಿ. ಯುಯುಸಿಎಂಎಸ್ ಲಾಗಿನ್‌ನಲ್ಲಿ ಕಾಣುವುದನ್ನಷ್ಟೇ ನಂಬದೆ ಪರೀಕ್ಷಾ ವಿಭಾಗದ ಸುತ್ತೋಲೆಯ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಿ.

ಪದವಿ ಮುಗಿಸಿದವರಿಗೆ

ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ಮೇಲೂ ಎರಡು ಮಾತು ಹೇಳುವುದಿರುತ್ತದೆ. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆ ಪಡೆದ ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರೋತ್ಸಾಹಧನವಿದೆ. ಪದವಿಗೆ 25,000, ಎಂ.ಎ., ಎಂ.ಎಸ್ಸಿ.ಯಂಥ ಸ್ನಾತಕೋತ್ತರಕ್ಕೆ 30,000 ರೂಪಾಯಿ. ಅರ್ಜಿಗೆ ಗಡುವು ಇರುತ್ತದೆ, ಅಷ್ಟರಲ್ಲಿ ಮಕ್ಕಳು ಊರು ಸೇರಿರುತ್ತಾರೆ. ಹಾಗಾಗಿ ಅವರ ಫೋನ್ ನಂಬರ್ ಅಳಿಸಬೇಡಿ. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದೆ, ಮುಂದಕ್ಕೂ ಓದದೆ ಇರುವವರಿಗೆ ಯುವನಿಧಿಯಲ್ಲಿ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ತಾನಿನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಸೇವಾ ಸಿಂಧುವಿನಲ್ಲಿ ಕೊಡುತ್ತಿರಬೇಕು, ಇಲ್ಲವಾದರೆ ಹಣ ನಿಲ್ಲುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಜಿಲ್ಲಾ ಕೇಂದ್ರದಲ್ಲಿ ಕೋಣೆ ಹಿಡಿಯುವಷ್ಟು ಅನುಕೂಲವಿಲ್ಲದಿದ್ದರೆ ಸ್ವಂತ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಲು ಹೇಳಿ. ಈಗ ‘ಅರಿವು ಕೇಂದ್ರ’ ಎಂದು ಕರೆಯುವ ಇವುಗಳಲ್ಲಿ ಅನೇಕ ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿದೆ. ಬೇಕಾದ ಪುಸ್ತಕಗಳ ಪಟ್ಟಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೊಟ್ಟು ಕೇಳಬಹುದು.